ಇಂಜೆಕ್ಟರ್ ಬದಲಿಸುವ ಮುನ್ನ: ಪೆಟ್ರೋಲ್ ಕಾರಿನ ಇಂಜೆಕ್ಟರ್ ವೈರಿಂಗ್ ದೋಷ ಹುಡುಕುವ ಬಗೆ

ತೀರ್ಥಹಳ್ಳಿಯಲ್ಲಿರುವ ನನ್ನ ಸೋದರಮಾವ ಸೆಕೆಂಡ್ ಹ್ಯಾಂಡ್ ಕೊಂಡ ಪೆಟ್ರೋಲ್ ಕಾರಿಗೆ ನಾಲ್ಕು ಸಿಲಿಂಡರ್. ಒಂದು ಮಳೆಗಾಲವಿಡೀ ಅದು ಮೂರರಲ್ಲೇ ಓಡಿತು. ಗ್ಯಾರೇಜಿನವರು ಮೊದಲು ಪ್ಲಗ್ ಬದಲಿಸಿದರು, ಆಮೇಲೆ ಇಗ್ನಿಷನ್ ಕಾಯಿಲ್, ಕೊನೆಗೆ ಮೂರನೇ ಸಿಲಿಂಡರಿಗೆ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್. ಪ್ರತಿ ಸಲವೂ ಎರಡು ದಿನ ನೆಟ್ಟಗೆ ಓಡಿ ಮತ್ತೆ ಮಿಸ್ಸಿಂಗ್. ಸ್ಕ್ಯಾನರ್ ಹಾಕಿದರೆ ಅದೇ ಪಿ0203 ಎಂಬ ದೋಷದ ಕೋಡ್. "ಕಂಪ್ಯೂಟರೇ ಇಂಜೆಕ್ಟರ್ ಅಂತ ತೋರಿಸ್ತಿದೆ ಮಾರಾಯ್ರೇ, ನಾವೇನು ಮಾಡೋದು" ಎಂಬುದು ಅವರ ವಾದ.

ಕಂಪ್ಯೂಟರ್ ಹಾಗೆ ತೋರಿಸಿರಲಿಲ್ಲ. ಪಿ0203 ಅಂದರೆ ಮೂರನೇ ಸಿಲಿಂಡರಿನ ಇಂಜೆಕ್ಟರ್ 'ಸರ್ಕ್ಯೂಟ್' ಸರಿಯಿಲ್ಲ ಎಂದು. ಸರ್ಕ್ಯೂಟ್ ಎಂದರೆ ಫ್ಯೂಸ್, ರಿಲೇ, ಎರಡು ವೈರು, ಅವನ್ನು ಇಂಜೆಕ್ಟರಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಕಪ್ಲರ್, ಅದರೊಳಗಿನ ಪಿನ್ನು, ಇಂಜೆಕ್ಟರಿನ ಕಾಯಿಲ್, ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಒಳಗೆ ಸ್ವಿಚ್ಚಿನ ಕೆಲಸ ಮಾಡುವ ಟ್ರಾನ್ಸಿಸ್ಟರ್, ಅದರ ಅರ್ತ್ ಎಲ್ಲವೂ ಸೇರಿ. ಇಷ್ಟರಲ್ಲಿ ಅತಿ ದುಬಾರಿ ಇಸಿಯು, ಅದರ ನಂತರ ಇಂಜೆಕ್ಟರ್. ನಾನು ನೋಡಿದ ಮಟ್ಟಿಗೆ ಕೆಡುವುದು ಹೆಚ್ಚಾಗಿ ಕಾಸಿನ ಬೆಲೆಯ ಪಿನ್ನು ಮತ್ತು ವೈರು. ಆದ್ದರಿಂದ ಹುಡುಕುವ ಕ್ರಮವೂ ಅಗ್ಗದ ಕಡೆಯಿಂದಲೇ ಶುರುವಾಗಬೇಕು.

ಯಾವ ಕಾರಿಗೆ ಈ ವಿಧಾನ, ಯಾವುದಕ್ಕೆ ಬೇಡ

ಇಲ್ಲಿ ಹೇಳುವುದೆಲ್ಲ ಎಂಪಿಎಫ್‌ಐ ಎಂದು ಕರೆಯುವ ಮಾಮೂಲಿ ಪೆಟ್ರೋಲ್ ಎಂಜಿನ್‌ಗೆ. ಅದರಲ್ಲಿ ಇಂಜೆಕ್ಟರ್ ಪೆಟ್ರೋಲನ್ನು ಸಿಲಿಂಡರಿನೊಳಗೆ ಹೊಡೆಯುವುದಿಲ್ಲ, ಅದರ ಬಾಗಿಲಲ್ಲಿರುವ ಇನ್‌ಟೇಕ್ ವಾಲ್ವಿನ ಮುಂದೆ ಸಿಂಪಡಿಸುತ್ತದೆ. ಸ್ಯಾಂಟ್ರೊ, ಐ10, ವ್ಯಾಗನ್-ಆರ್, ಆಲ್ಟೊ ಎಲ್ಲವೂ ಈ ಜಾತಿಯವೇ.

ಬೆನ್ನಿನ ಮೇಲೆ ಟಿಎಸ್‌ಐ, ಜಿಡಿಐ ಎಂದು ಬರೆದಿರುವ ಪೆಟ್ರೋಲ್ ಕಾರುಗಳು ಮತ್ತು ಎಲ್ಲ ಕಾಮನ್ ರೈಲ್ ಡೀಸೆಲ್ ಕಾರುಗಳು ಬೇರೆಯೇ ಲೋಕ. ನೇರ ಇಂಜೆಕ್ಷನ್ನಿನ ಪೆಟ್ರೋಲ್ ಎಂಜಿನ್ನಿನಲ್ಲಿ ಇಸಿಯು ಇಂಜೆಕ್ಟರ್ ತೆರೆಯಲು ಸುಮಾರು 65 ವೋಲ್ಟ್ ಬಳಸುತ್ತದೆ. ಪೀಜೋ ಮಾದರಿಯ ಡೀಸೆಲ್ ಇಂಜೆಕ್ಟರಿನಲ್ಲಿ ಅದು 100 ವೋಲ್ಟ್ ದಾಟುತ್ತದೆ. ಇಂಜೆಕ್ಟರುಗಳಿಗೆ ಇಂಧನ ಹಂಚುವ ರೈಲ್ ಎಂಬ ಕೊಳವೆಯೊಳಗಿನ ಒತ್ತಡವಂತೂ ಡೀಸೆಲ್‌ನಲ್ಲಿ 1600 ಬಾರ್, ಅದಕ್ಕೂ ಮೇಲೆ. ಅಂಥ ಎಂಜಿನ್ ಓಡುತ್ತಿರುವಾಗ ಕಪ್ಲರ್ ಕೀಳುವುದು, ಟೆಸ್ಟ್ ಲ್ಯಾಂಪ್ ಮುಟ್ಟಿಸುವುದು ಎರಡೂ ಅಪಾಯ. ನಿಮ್ಮದು ಆ ಬಗೆಯ ಕಾರಾದರೆ ಕೋಡ್ ಓದುವವರೆಗೆ ಮಾತ್ರ ಹೋಗಿ, ಮುಂದಿನದನ್ನು ಆ ಕೆಲಸ ಬಲ್ಲವರಿಗೆ ಬಿಡಿ.

ಒಂದು ಸಂಗತಿ ತಲೆಯಲ್ಲಿ ಕೂತರೆ ಸಾಕು

ಇಂಜೆಕ್ಟರ್ ಎಂದರೆ ತಾಮ್ರದ ಸುರುಳಿ ಸುತ್ತಿದ ಪುಟ್ಟ ನಲ್ಲಿ. ಕರೆಂಟ್ ಹರಿದಾಗ ಸುರುಳಿ ಅಯಸ್ಕಾಂತವಾಗಿ ಒಳಗಿನ ಸೂಜಿಯನ್ನು ಎತ್ತುತ್ತದೆ, ಪೆಟ್ರೋಲ್ ಚಿಮ್ಮುತ್ತದೆ. ಕರೆಂಟ್ ನಿಂತರೆ ಸ್ಪ್ರಿಂಗ್ ಸೂಜಿಯನ್ನು ಮತ್ತೆ ಕೂರಿಸುತ್ತದೆ.

ಅದಕ್ಕೆ ಎರಡೇ ವೈರು. ಇಸಿಯು ಬೇಕಾದಾಗ 12 ವೋಲ್ಟ್ ಕಳಿಸುತ್ತದೆ ಎಂದು ಬಹಳ ಜನ ತಿಳಿದಿರುತ್ತಾರೆ. ನಡೆಯುವುದು ತಿರುಗಾಮುರುಗ. ಕೀ ಆನ್ ಮಾಡಿದೊಡನೆ ಮೇನ್ ರಿಲೇ ಮತ್ತು ಫ್ಯೂಸ್ ದಾಟಿ ಬ್ಯಾಟರಿಯ ಪ್ಲಸ್ ಎಲ್ಲ ಇಂಜೆಕ್ಟರುಗಳ ಒಂದು ಪಿನ್ನಿಗೆ ಬಂದು ಕೂತಿರುತ್ತದೆ. ಇಸಿಯು ಮಾಡುವುದು ಇನ್ನೊಂದು ಪಿನ್ನಿಗೆ ಅರ್ತ್ ಕೊಡುವ, ತೆಗೆಯುವ ಕೆಲಸವಷ್ಟೇ. ಮನೆಯಲ್ಲಿ ಯಾರೋ ಅರೆಬರೆ ಕಲಿತ ಎಲೆಕ್ಟ್ರಿಷಿಯನ್ ಫೇಸ್ ಬದಲು ನ್ಯೂಟ್ರಲ್‌ಗೆ ಸ್ವಿಚ್ ಹಾಕಿಬಿಟ್ಟರೆ ಬಲ್ಬ್ ಆರಿದ್ದರೂ ಹೋಲ್ಡರಿನಲ್ಲಿ ಕರೆಂಟ್ ಇರುತ್ತದಲ್ಲ, ಹಾಗೆ. ಮನೆಯಲ್ಲಿ ಅದು ತಪ್ಪು, ಕಾರಿನಲ್ಲಿ ಅದೇ ಪದ್ಧತಿ.

ಮುಂದಿನ ಲೆಕ್ಕಗಳೆಲ್ಲ ಇದರಿಂದಲೇ ಹುಟ್ಟುತ್ತವೆ. ಪ್ಲಸ್ ಕಡೆಯ ದಾರಿ ಎಲ್ಲರಿಗೂ ಒಂದೇ. ಅಲ್ಲಿ ಕೆಟ್ಟರೆ ಸಾಮಾನ್ಯವಾಗಿ ಎಲ್ಲ ಸಿಲಿಂಡರೂ ಸಾಯುತ್ತವೆ. ಅರ್ತ್ ಕಡೆಯ ವೈರು ಪ್ರತಿ ಇಂಜೆಕ್ಟರಿಗೆ ಪ್ರತ್ಯೇಕ. ಅಲ್ಲಿ ಕೆಟ್ಟರೆ ಒಂದೇ ಸಾಯುತ್ತದೆ. ಅರ್ತ್ ಕಡೆಯ ವೈರು ತುಂಡಾದರೆ ಇಂಜೆಕ್ಟರ್ ತೆರೆಯುವುದೇ ಇಲ್ಲ. ಅದೇ ವೈರು ಸಿಪ್ಪೆ ಸುಲಿದು ಎಂಜಿನ್ನಿನ ಲೋಹಕ್ಕೆ ತಾಗಿದರೆ ಇಂಜೆಕ್ಟರ್ ಮುಚ್ಚುವುದೇ ಇಲ್ಲ, ಪೆಟ್ರೋಲ್ ಧಾರೆಯಾಗಿ ಇಳಿಯುತ್ತದೆ. ಎರಡನೆಯದು ಅಪರೂಪ, ಆದರೆ ಅದೇ ಹೆಚ್ಚು ಕೆಟ್ಟದ್ದು. ಒಂದು ಪ್ಲಗ್ ಪೆಟ್ರೋಲಿನಲ್ಲಿ ಒದ್ದೆಯಾಗಿದ್ದು, ಹೊಗೆ ಕಪ್ಪಗಿದ್ದು, ಆಯಿಲ್ ಕಡ್ಡಿ ಮೂಸಿದರೆ ಪೆಟ್ರೋಲ್ ವಾಸನೆ ಬಂದರೆ ಮತ್ತೆ ಮತ್ತೆ ಸೆಲ್ಫ್ ಹೊಡೆಯಬೇಡಿ. ಸಿಲಿಂಡರಿನಲ್ಲಿ ದ್ರವ ತುಂಬಿಕೊಂಡಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಕೈಗೆ ಬೇಕಾದದ್ದು

ಮಲ್ಟಿಮೀಟರ್ ಒಂದು, ಇಸಿಯುವಿನ ದೋಷದ ಕೋಡ್ ಓದುವ ಬ್ಲೂಟೂತ್ ಒಬಿಡಿ ಸ್ಕ್ಯಾನರ್ ಒಂದು, ಹೋಲ್ಡರ್ ಸಮೇತ 12 ವೋಲ್ಟಿನ 21 ವ್ಯಾಟ್ ಬಲ್ಬ್ (ಇಂಡಿಕೇಟರಿಗೆ ಹಾಕುವುದೇ), ರೆಸಿಸ್ಟರ್ ಒಳಗೊಂಡ 12 ವೋಲ್ಟಿನ ಪುಟ್ಟ ಎಲ್‌ಇಡಿ, ನಾಲ್ಕಾರು ಗುಂಡುಸೂಜಿ, ಎರಡು ಕ್ರೊಕೊಡೈಲ್ ಕ್ಲಿಪ್. ಬೆಂಗಳೂರಿನವರಿಗೆ ಎಸ್.ಪಿ. ರಸ್ತೆಯಲ್ಲಿ ಮೀಟರು, ಜೆ.ಸಿ. ರಸ್ತೆಯಲ್ಲಿ ಕಪ್ಲರು, ಬೇರೆ ಊರಿನಲ್ಲಿ ಆಟೋ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಎರಡೂ ಸಿಗುತ್ತವೆ. ಇಂಜೆಕ್ಟರ್ ಸಿಗ್ನಲ್ ನೋಡಲೆಂದೇ ಮಾಡಿದ ನಾಯ್ಡ್ ಲೈಟ್ ಎಂಬ ಸಾಧನ ಇದೆ, ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಆ ಎಲ್‌ಇಡಿಯೇ ಸಾಕು.

ಒಬಿಡಿ ಪೋರ್ಟ್ ಸ್ಟೇರಿಂಗ್ ಕೆಳಗೆ, ನಿಮ್ಮ ಮಂಡಿಯ ಆಸುಪಾಸಿನಲ್ಲಿರುತ್ತದೆ. ಭಾರತದಲ್ಲಿ ಒಬಿಡಿ-2 ಮಟ್ಟದ ತಪಾಸಣೆ ಕಡ್ಡಾಯವಾದದ್ದು 2013ರ ಏಪ್ರಿಲ್‌ನಿಂದ. ಅದಕ್ಕಿಂತ ಹಳೆಯ ಕಾರಿನಲ್ಲಿ ಅಗ್ಗದ ಸ್ಕ್ಯಾನರ್ ಮಾತಾಡಬಹುದು, ಆಡದಿರಬಹುದು.

ಎಂಜಿನ್ ಹತ್ತಿರ ಕೆಲಸ ಮಾಡುವಾಗ ಬೀಡಿ ಸಿಗರೇಟು ಬೇಡ ಎಂದು ಯಾರಿಗೂ ಹೇಳಬೇಕಿಲ್ಲ. ಹೇಳಬೇಕಾದದ್ದು ರೇಡಿಯೇಟರ್ ಫ್ಯಾನಿನ ವಿಷಯ: ಎಂಜಿನ್ ಆಫ್ ಇದ್ದರೂ ಅದು ತಾನಾಗಿಯೇ ತಿರುಗಬಹುದು. ಉಂಗುರ, ಕಡಗ, ಜೋತಾಡುವ ಶಲ್ಯ ತೆಗೆದಿಡಿ.

ಮೊದಲ ಹೆಜ್ಜೆ: ಕೋಡ್ ಏನು ಹೇಳುತ್ತಿದೆ, ಏನು ಹೇಳುತ್ತಿಲ್ಲ

ಪಿ0201ರಿಂದ ಪಿ0204ರವರೆಗೆ ಕ್ರಮವಾಗಿ ಒಂದರಿಂದ ನಾಲ್ಕನೇ ಸಿಲಿಂಡರಿನ ಇಂಜೆಕ್ಟರ್ ಸರ್ಕ್ಯೂಟ್. ಕೆಲವು ಕಾರುಗಳು ಇನ್ನೂ ಬಿಡಿಸಿ ಹೇಳುತ್ತವೆ: ಒಂದನೇ ಸಿಲಿಂಡರಿಗೆ ಪಿ0261 ಎಂದರೆ ಕಂಟ್ರೋಲ್ ವೈರಿನಲ್ಲಿ (ಅರ್ತ್ ಕಡೆಯ ವೈರಿಗೇ ಈ ಹೆಸರು) ವೋಲ್ಟೇಜ್ ಇರಬೇಕಾದ ಹೊತ್ತಿನಲ್ಲಿ ಇಲ್ಲ, ಪಿ0262 ಎಂದರೆ ಇರಬಾರದ ಹೊತ್ತಿನಲ್ಲಿ ಇದೆ. ಎರಡನೆಯದಕ್ಕೆ ಪಿ0264 ಮತ್ತು 0265, ಮೂರನೆಯದಕ್ಕೆ 0267 ಮತ್ತು 0268, ನಾಲ್ಕನೆಯದಕ್ಕೆ 0270 ಮತ್ತು 0271.

ಪಿ0301ರಿಂದ ಪಿ0304 ಬೇರೆ ಕತೆ. ಅವು ಆ ಸಿಲಿಂಡರಿನಲ್ಲಿ ಮಿಸ್‌ಫೈರ್ ಆಗಿದೆ, ಅಂದರೆ ಪೆಟ್ರೋಲ್ ಸರಿಯಾಗಿ ಉರಿದಿಲ್ಲ ಎನ್ನುತ್ತವೆ, ಕಾರಣ ಹೇಳುವುದಿಲ್ಲ. ಪಿ0303 ಮಾತ್ರ ಬಂದು ಪಿ0203 ಬಾರದಿದ್ದರೆ ಇಂಜೆಕ್ಟರ್ ವೈರಿಂಗಿಗೆ ಕೈಹಾಕುವ ಮೊದಲು ಪ್ಲಗ್, ಕಾಯಿಲ್, ಕಂಪ್ರೆಷನ್ ನೋಡಿ. ಇಂಜೆಕ್ಟರಿನ ಬಾಯಿ ಕಸದಿಂದ ಕಟ್ಟಿಕೊಂಡಿದ್ದರೂ ಹೀಗೇ ಆಗುತ್ತದೆ, ಏಕೆಂದರೆ ಇಸಿಯುಗೆ ಕರೆಂಟ್ ಕಾಣುತ್ತದೆ, ಪೆಟ್ರೋಲ್ ಕಾಣುವುದಿಲ್ಲ.

ಕೋಡ್ ಬರೆದಿಟ್ಟುಕೊಂಡು ಅಳಿಸಿ, ಮತ್ತೆ ಸ್ಟಾರ್ಟ್ ಮಾಡಿ. ಕ್ಷಣದಲ್ಲೇ ಮರಳಿ ಬಂದರೆ ನಿಮ್ಮ ಪುಣ್ಯ. ಕಾಯಂ ದೋಷ, ಬೇಗ ಸಿಗುತ್ತದೆ. ಎರಡು ದಿನ ಬಿಟ್ಟು ಬಂದರೆ ಸಡಿಲ ಸಂಪರ್ಕ, ತಾಳ್ಮೆ ಬೇಕು.

ಎರಡನೆಯದು: ಕಣ್ಣು, ಕಿವಿ, ಕೈ

ಬಾನೆಟ್ ಎತ್ತಿ ಮೀಟರ್ ಹಿಡಿಯುವ ಮೊದಲು ಹತ್ತು ನಿಮಿಷ ಸುಮ್ಮನೆ ನೋಡಿ. ಮಲೆನಾಡು, ಕರಾವಳಿಯಲ್ಲಿ ಮಳೆ ಹಿಡಿದ ಮೇಲೆ ಇಲಿಗಳು ಬೆಚ್ಚಗಿನ ಎಂಜಿನ್ ಹುಡುಕಿಕೊಂಡು ಬರುತ್ತವೆ. ವೈರಿನ ಮೇಲೆ ಹಲ್ಲಿನ ಗುರುತು, ಹಿಕ್ಕೆ, ಭತ್ತದ ಹೊಟ್ಟು ಕಂಡರೆ ಅರ್ಧ ಕೆಲಸ ಮುಗಿಯಿತು. ಒಂದು ಕಡೆ ಕಡಿದಿದ್ದರೆ ಅಲ್ಲಿಗೇ ನಿಲ್ಲಿಸಬೇಡಿ, ಹಾರ್ನೆಸ್ಸಿನ (ವೈರುಗಳ ಕಟ್ಟಿನ) ಹಿಂಬದಿಯನ್ನೂ ನೋಡಿ. ಇಲಿ ಒಂದೇ ವೈರು ಕಡಿದು ಎದ್ದುಹೋಗುವ ಪ್ರಾಣಿಯಲ್ಲ.

ಆಮೇಲೆ ಒಂದೊಂದೇ ಕಪ್ಲರ್. ಎಂಜಿನ್ ಬಿಸಿಗೆ ಅದರ ಪ್ಲಾಸ್ಟಿಕ್ ಲಾಕ್ ಹಪ್ಪಳದ ಹಾಗೆ ಪುಡಿಯಾಗುತ್ತದೆ, ಲಾಕ್ ಹೋದ ಕಪ್ಲರ್ ನಡುಕಕ್ಕೆ ನಿಧಾನವಾಗಿ ಹಿಂದೆ ಸರಿಯುತ್ತದೆ. ಬಿಚ್ಚಿ ಒಳಗೆ ಟಾರ್ಚ್ ಬಿಡಿ. ಪಿನ್ನಿನ ಮೇಲೆ ಹಸಿರು ಕಿಲುಬು ಇದೆಯೇ? ರಬ್ಬರ್ ಸೀಲ್ ಇದೆಯೇ, ಅಥವಾ ಹಿಂದೆ ಬಿಚ್ಚಿದವರು ಎಲ್ಲೋ ಬೀಳಿಸಿದ್ದಾರೆಯೇ? ಹೆಣ್ಣು ಪಿನ್ನು ಅಗಲವಾಗಿದೆಯೇ? ಕೊನೆಯದು ಬಹಳ ಸಲ ಮಾಡಿದ ತಪಾಸಣೆಯದೇ ಪಾಪ. ದಪ್ಪ ಮೀಟರ್ ಮೊನೆಯನ್ನು ಪಿನ್ನಿನೊಳಗೆ ತುರುಕಿ ಅಳೆದರೆ ಅದು ಹಿಗ್ಗುತ್ತದೆ, ಮತ್ತೆಂದೂ ಬಿಗಿಯಾಗಿ ಹಿಡಿಯುವುದಿಲ್ಲ. ಅದಕ್ಕೇ ಗುಂಡುಸೂಜಿ ಬೇಕೆಂದದ್ದು: ಕಪ್ಲರಿನ ಹಿಂಬದಿಯಿಂದ ವೈರಿನ ಪಕ್ಕದಲ್ಲೇ ಮೆಲ್ಲಗೆ ಜಾರಿಸಿದರೆ ಪಿನ್ನಿನ ಬೆನ್ನಿಗೆ ತಾಗುತ್ತದೆ. ಎರಡು ಸೂಜಿಗಳು ಒಂದಕ್ಕೊಂದು ತಾಗದಿರಲಿ.

ಕಾರಿಗೆ ಈಗಲೋ ಹಿಂದೆಂದೋ ಎಲ್‌ಪಿಜಿ ಅಥವಾ ಸಿಎನ್‌ಜಿ ಕಿಟ್ ಹಾಕಿಸಿದ್ದರೆ ನೇರವಾಗಿ ಅಲ್ಲಿಗೆ ಹೋಗಿ. ಹೊರಗಡೆ ಹಾಕಿಸಿದ ಸೀಕ್ವೆನ್ಷಿಯಲ್ ಕಿಟ್ ಗ್ಯಾಸಿನಲ್ಲಿ ಓಡುವಾಗ ಪೆಟ್ರೋಲ್ ಇಂಜೆಕ್ಟರನ್ನು ನಿಲ್ಲಿಸಬೇಕು, ಆದರೆ ಕಾರಿನ ಇಸಿಯುಗೆ ಅದು ತಿಳಿಯಬಾರದು. ಅದಕ್ಕಾಗಿ ಪ್ರತಿ ಇಂಜೆಕ್ಟರಿನ ವೈರನ್ನು ಕತ್ತರಿಸಿ ಎಮ್ಯುಲೇಟರ್ ಎಂಬ ಸಾಧನವನ್ನು ನಡುವೆ ಸೇರಿಸುತ್ತಾರೆ, ಅದು ಇಂಜೆಕ್ಟರಿನ ವೇಷ ಹಾಕಿ ಇಸಿಯುವನ್ನು ನಂಬಿಸುತ್ತದೆ. ಅಂದರೆ ನಾಲ್ಕು ಇಂಜೆಕ್ಟರಿಗೆ ಕನಿಷ್ಠ ಎಂಟು ಹೊಸ ಜಾಯಿಂಟು. ಬೆಸುಗೆ ಹಾಕಿದ್ದರೆ ಸರಿ, ಬರೀ ತಿರುಚಿ ಟೇಪ್ ಸುತ್ತಿದ್ದರೆ ಎರಡು ಮಳೆಗಾಲ ದಾಟುವುದು ಕಷ್ಟ.

ಇನ್ನು ಕಿವಿ. ಉದ್ದನೆಯ ಸ್ಕ್ರೂಡ್ರೈವರಿನ ಮೊನೆಯನ್ನು ಓಡುತ್ತಿರುವ ಎಂಜಿನ್ನಿನ ಇಂಜೆಕ್ಟರ್ ಮೇಲಿಟ್ಟು ಹಿಡಿಗೆ ಕಿವಿ ಕೊಡಿ. ಆರೋಗ್ಯವಾಗಿರುವುದು ಗಡಿಯಾರದ ಹಾಗೆ ಟಿಕ್‌ಟಿಕ್ ಎನ್ನುತ್ತದೆ. ಮೂರು ಮಾತಾಡಿ ಒಂದು ಮೌನವಾಗಿದ್ದರೆ ಅದೇ ನಮ್ಮ ಗಿರಾಕಿ. ಐಡ್ಲಿಂಗ್‌ನಲ್ಲಿ ಒಂದೊಂದೇ ಇಂಜೆಕ್ಟರಿನ ಕಪ್ಲರ್ ತೆಗೆದು ನೋಡಬಹುದು: ಒಳ್ಳೆಯದನ್ನು ತೆಗೆದಾಗ ಎಂಜಿನ್ ಕುಗ್ಗಿ ನಡುಗುತ್ತದೆ, ಸತ್ತದ್ದನ್ನು ತೆಗೆದಾಗ ಏನೂ ಬದಲಾಗುವುದಿಲ್ಲ. ಇದಕ್ಕಾಗಿ ಪ್ಲಗ್ಗಿನ ವೈರು ಕೀಳುವ ಹಳೇ ಅಭ್ಯಾಸ ಬಿಟ್ಟುಬಿಡಿ. ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆಗೆ ಹರಿದು, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡುತ್ತದೆ.

ಮೂರನೆಯದು: ಒಂದೇ ಅಳತೆಯಲ್ಲಿ ಅರ್ಧ ಉತ್ತರ

ಕಪ್ಲರ್ ಬಿಚ್ಚಬೇಡಿ. ಕೀ ಆನ್, ಎಂಜಿನ್ ಆಫ್. ಮೀಟರನ್ನು 20 ವೋಲ್ಟ್ ಡಿಸಿಗೆ ತಿರುಗಿಸಿ, ಕಪ್ಪು ಮೊನೆಯನ್ನು ಬ್ಯಾಟರಿಯ ಮೈನಸ್‌ಗೆ ಕ್ಲಿಪ್ ಮಾಡಿ. ಕೆಂಪು ಮೊನೆಯನ್ನು ಹಿಂಬದಿಯಿಂದ ತೂರಿಸಿದ ಸೂಜಿಗೆ ಮುಟ್ಟಿಸಿ, ಎರಡೂ ವೈರನ್ನು ನೋಡಿ. ನಾಲ್ಕು ಇಂಜೆಕ್ಟರುಗಳಿಗೂ ಸಾಮಾನ್ಯವಾಗಿ ಒಂದೇ ಬಣ್ಣದಲ್ಲಿ ಬರುವ ವೈರು ಪ್ಲಸ್. ಒಂದೊಂದಕ್ಕೆ ಒಂದೊಂದು ಬಣ್ಣವಿರುವುದು ಕಂಟ್ರೋಲ್.

ಎರಡರಲ್ಲೂ ಬ್ಯಾಟರಿಯಷ್ಟೇ ವೋಲ್ಟೇಜ್ ಕಾಣಬೇಕು. ಕಂಟ್ರೋಲ್ ಕಡೆಯಲ್ಲೂ 12 ಏಕೆ? ಇಸಿಯು ಇನ್ನೂ ಅರ್ತ್ ಕೊಟ್ಟಿಲ್ಲ, ಕರೆಂಟ್ ಹರಿಯುತ್ತಿಲ್ಲ, ಆದ್ದರಿಂದ ಪ್ಲಸ್ ಕಡೆಯ ಒತ್ತಡ ಸುರುಳಿಯ ಮೂಲಕ ಹಾದು ಆಚೆಗೂ ಬಂದು ನಿಂತಿದೆ. ಕಂಟ್ರೋಲ್ ವೈರಿನಲ್ಲಿ 12 ಕಂಡರೆ ಫ್ಯೂಸ್, ರಿಲೇ, ಪ್ಲಸ್ ವೈರು, ಎರಡೂ ಪಿನ್ನು ಮತ್ತು ಸುರುಳಿ ತುಂಡಾಗಿಲ್ಲ ಎಂದು ಒಂದೇ ಏಟಿಗೆ ತಿಳಿಯಿತು.

ಎರಡರಲ್ಲೂ ಸೊನ್ನೆ ಬಂದರೆ ಪ್ಲಸ್ಸೇ ಬರುತ್ತಿಲ್ಲ. ಎಲ್ಲ ಇಂಜೆಕ್ಟರಿಗೂ ಹಾಗೇ ಇದ್ದರೆ ಫ್ಯೂಸ್ ಪೆಟ್ಟಿಗೆಯ ಮುಚ್ಚಳ ತಿರುಗಿಸಿ 'ಇಎಫ್‌ಐ', 'ಐಎನ್‌ಜೆ' ಅಥವಾ ಎಂಜಿನ್ ಎಂದಿರುವ ಫ್ಯೂಸ್ ಹಾಗೂ ಮೇನ್ ರಿಲೇ ನೋಡಿ. ಫ್ಯೂಸ್ ಹೋಗಿದ್ದರೆ ಹೊಸದು ಹಾಕಿ ಕೈತೊಳೆದುಕೊಳ್ಳಬೇಡಿ. ಅದು ಸುಮ್ಮಸುಮ್ಮನೆ ಹೋಗಿಲ್ಲ. ದೊಡ್ಡ ಆಂಪ್ಸಿನದು ಹಾಕುವುದಂತೂ ಹಾರ್ನೆಸ್ಸಿಗೆ ಬೆಂಕಿ ಇಟ್ಟ ಹಾಗೆ.

ಪ್ಲಸ್ಸಿನಲ್ಲಿ 12 ಇದ್ದು ಕಂಟ್ರೋಲಿನಲ್ಲಿ ಇಲ್ಲವಾದರೆ ಒಂದೋ ಸುರುಳಿ ತುಂಡು, ಇಲ್ಲವೇ ಪಿನ್ನು ಹಿಡಿಯುತ್ತಿಲ್ಲ, ಅದೂ ಅಲ್ಲದಿದ್ದರೆ ಕಂಟ್ರೋಲ್ ವೈರು ಎಲ್ಲೋ ಅರ್ತ್ ಆಗಿದೆ. ಮೊದಲೆರಡು ಸಂದರ್ಭದಲ್ಲಿ ಶುದ್ಧ ಸೊನ್ನೆಯೇ ಬರಬೇಕೆಂದಿಲ್ಲ, ಕೆಲವು ಇಸಿಯುಗಳು ತಮ್ಮ ತಪಾಸಣೆಗೆಂದು ಆ ವೈರಿನಲ್ಲಿ ಒಂದಿಷ್ಟು ವೋಲ್ಟೇಜ್ ಇಟ್ಟಿರುತ್ತವೆ. ಎರಡು, ಮೂರು ವೋಲ್ಟ್ ಕಂಡು ಗಾಬರಿಯಾಗಬೇಡಿ, ಪಕ್ಕದ ಒಳ್ಳೆಯ ಸಿಲಿಂಡರಿನ ಜೊತೆ ಹೋಲಿಸಿ.

ನಾಲ್ಕನೆಯದು: ಓಮ್ ಅಳತೆ

ಕೀ ಆಫ್, ಕಪ್ಲರ್ ಬಿಚ್ಚಿ. ಮೀಟರನ್ನು 200 ಓಮ್‌ಗೆ ಇಟ್ಟು ಮೊನೆಗಳೆರಡನ್ನೂ ಮೊದಲು ಒಂದಕ್ಕೊಂದು ತಾಗಿಸಿ. ಬರುವ 0.3, 0.4 ಓಮ್ ಮೀಟರಿನ ವೈರಿನದೇ, ಅದನ್ನು ಕಳೆಯಿರಿ. ಈಗ ಇಂಜೆಕ್ಟರಿನ ಎರಡು ಪಿನ್ನುಗಳ ನಡುವೆ ಅಳೆಯಿರಿ. ಎಂಪಿಎಫ್‌ಐ ಕಾರುಗಳಲ್ಲಿ ಸಾಮಾನ್ಯವಾಗಿ 11ರಿಂದ 17 ಓಮ್ ಒಳಗೆ ಬರುತ್ತದೆ. ಒಂದೇ ಎಂಜಿನ್ನಿನ ನಾಲ್ಕರ ನಡುವೆ ಒಂದು ಓಮ್‌ಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಮೀಟರ್ 'ಒಎಲ್' ಅಥವಾ ಬರೀ 1 ತೋರಿಸಿದರೆ ಸುರುಳಿ ತುಂಡು. ಉಳಿದ ಮೂರು 14 ಇದ್ದು ಇದೊಂದು 7 ಬಂದರೆ ಸುತ್ತುಗಳು ಒಳಗೇ ಶಾರ್ಟ್ ಆಗಿವೆ. ಅದು ಕರೆಂಟನ್ನು ಎರಡು ಪಟ್ಟು ಎಳೆಯುತ್ತದೆ, ಇಸಿಯು ಟ್ರಾನ್ಸಿಸ್ಟರಿಗೂ ಕುತ್ತು.

ಬಿಸಿಯ ಲೆಕ್ಕ ಮರೆಯಬೇಡಿ. ತಾಮ್ರದ ರೋಧ ಪ್ರತಿ ಡಿಗ್ರಿಗೆ ಸುಮಾರು 0.39 ಶೇಕಡಾ ಏರುತ್ತದೆ. 20 ಡಿಗ್ರಿಯಲ್ಲಿ 14 ಓಮ್ ಇದ್ದದ್ದು 90 ಡಿಗ್ರಿಯಲ್ಲಿ 17.8 ಆಗುತ್ತದೆ, ಅದು ಕೆಟ್ಟಿದ್ದಲ್ಲ. ಎಲ್ಲವನ್ನೂ ತಣ್ಣಗಿದ್ದಾಗ ಒಮ್ಮೆ, ಬಿಸಿಯಾದಾಗ ಇನ್ನೊಮ್ಮೆ ಅಳೆದರೆ ಚೆನ್ನ. ಬೆಳಿಗ್ಗೆ ಸರಿಯಿದ್ದು ಅರ್ಧ ಗಂಟೆ ಓಡಿದ ಮೇಲೆ ಮಿಸ್ಸಿಂಗ್ ಶುರುವಾಗುವ ಕಾರುಗಳಲ್ಲಿ ಸುರುಳಿ ಬಿಸಿಗೆ ಮಾತ್ರ ಬಿಟ್ಟುಕೊಳ್ಳುವುದುಂಟು. ತಣ್ಣಗಾದ ಮೇಲೆ ಅಳೆದರೆ ಕಳ್ಳ ಸಿಕ್ಕುವುದಿಲ್ಲ.

ಇಂಜೆಕ್ಟರ್ ಅನುಮಾನ ಬಂದರೆ ಅದನ್ನು ಪಕ್ಕದ ಸಿಲಿಂಡರಿಗೆ ಅದಲುಬದಲು ಮಾಡಿ ನೋಡುವುದು ಖರ್ಚಿಲ್ಲದ ಪರೀಕ್ಷೆ. ಕೋಡ್ ಇಂಜೆಕ್ಟರಿನ ಹಿಂದೆ ಹೋದರೆ ದೋಷ ಇಂಜೆಕ್ಟರಿನದು, ಅಲ್ಲೇ ಉಳಿದರೆ ವೈರಿನದು. ಮೊದಲು ಪಂಪಿನ ಫ್ಯೂಸ್ ತೆಗೆದು, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ರೈಲಿನ ಒತ್ತಡ ಇಳಿಸಿ. ಕೂರಿಸುವಾಗ ಹೊಸ ಓ-ರಿಂಗ್ ಹಾಕಿ. ಹಳೇ ಓ-ರಿಂಗ್ ಉಳಿಸಲು ಹೋಗಿ ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಸೋರಿದರೆ ಉಳಿತಾಯದ ಮಾತೇ ಬರುವುದಿಲ್ಲ.

ಐದನೆಯದು: ಇಸಿಯು ಮಿಡಿಯುತ್ತಿದೆಯೇ?

ಈ ಮಿಡಿತವನ್ನು ಮಲ್ಟಿಮೀಟರಿನಲ್ಲಿ ನೋಡಲು ಹೋಗಿ ಮೋಸಹೋಗುವವರು ಬಹಳ. ಲೆಕ್ಕ ನೋಡಿ: 750 ಆರ್‌ಪಿಎಂ ಐಡ್ಲಿಂಗ್‌ನಲ್ಲಿ ಎರಡು ಸುತ್ತಿಗೆ 160 ಮಿಲಿಸೆಕೆಂಡ್. ಅಷ್ಟರಲ್ಲಿ ಇಂಜೆಕ್ಟರ್ ತೆರೆದಿರುವುದು ಮೂರು ಮಿಲಿಸೆಕೆಂಡಿನ ಆಸುಪಾಸು, ಎರಡು ಶೇಕಡಾ ಕೂಡ ಇಲ್ಲ. ಮೀಟರ್ ಸರಾಸರಿ ತೋರಿಸುತ್ತದೆ, 13.8 ಇದ್ದದ್ದು 13.5 ಎಂದು ಕಂಡೀತು, ಅದರಿಂದ ಏನೂ ತಿಳಿಯುವುದಿಲ್ಲ.

ಅದಕ್ಕೇ ಎಲ್‌ಇಡಿ. ಇಂಜೆಕ್ಟರಿನ ಕಪ್ಲರ್ ಬಿಚ್ಚಿ, ಅದರ ಪ್ಲಸ್ ಪಿನ್ನಿಗೆ ಎಲ್‌ಇಡಿಯ ಪ್ಲಸ್, ಕಂಟ್ರೋಲ್ ಪಿನ್ನಿಗೆ ಮೈನಸ್. ಸೆಲ್ಫ್ ಹೊಡೆಯಲು ಒಬ್ಬರನ್ನು ಕೂರಿಸಿ. ಮಿಣುಕು ಮಿಣುಕು ಎಂದರೆ ಇಸಿಯು ತನ್ನ ಕೆಲಸ ಮಾಡುತ್ತಿದೆ. ಬಿಡದೆ ಜೋರಾಗಿ ಉರಿದರೆ ಕಂಟ್ರೋಲ್ ವೈರು ಅರ್ತ್ ಆಗಿದೆ ಅಥವಾ ಟ್ರಾನ್ಸಿಸ್ಟರ್ ಶಾರ್ಟ್. ಮಂಕಾಗಿ ಒಂದೇ ಸಮ ಹೊಳೆದರೆ ಅದು ಇಸಿಯುವಿನ ತಪಾಸಣೆ ವೋಲ್ಟೇಜ್ ಇರಬಹುದು, ಲೆಕ್ಕಕ್ಕಿಡಬೇಡಿ. ಸೆಲ್ಫ್ ಹೊಡೆಯುವವರಿಗೆ ಆಕ್ಸಿಲರೇಟರ್ ಮುಟ್ಟಬೇಡಿ ಎಂದು ಹೇಳಿ. ಪೆಡಲ್ ಪೂರ್ತಿ ತುಳಿದು ಸೆಲ್ಫ್ ಹೊಡೆದರೆ ಬಹಳಷ್ಟು ಕಾರುಗಳ ಇಸಿಯು ಎಂಜಿನ್ ಫ್ಲಡ್ ಆಗಿದೆ (ಪೆಟ್ರೋಲ್ ಹೆಚ್ಚಾಗಿ ತುಂಬಿದೆ) ಎಂದು ತಿಳಿದು ಇಂಜೆಕ್ಟರುಗಳನ್ನೇ ನಿಲ್ಲಿಸುತ್ತದೆ.

ನಾಲ್ಕರಲ್ಲೂ ಪ್ಲಸ್ ಇದ್ದು ಒಂದರಲ್ಲೂ ಮಿಣುಕು ಇಲ್ಲವಾದರೆ ಇಂಜೆಕ್ಟರ್ ಬಿಡಿ, ಬೇರೆ ಕಡೆ ನೋಡಿ: ಎಂಜಿನ್ ತಿರುಗುವುದನ್ನು ಇಸಿಯುಗೆ ತಿಳಿಸುವ ಕ್ರ್ಯಾಂಕ್ ಸೆನ್ಸರ್, ಕಳ್ಳತನ ತಡೆಯುವ ಇಮೊಬಿಲೈಸರ್, ಇಸಿಯು ಅರ್ತ್. ಎಂಜಿನ್ ತಿರುಗುತ್ತಿರುವ ಸುದ್ದಿಯೇ ತಲುಪದಿದ್ದರೆ ಇಸಿಯು ಪೆಟ್ರೋಲ್ ಯಾಕೆ ಕೊಟ್ಟೀತು? ಸೆಲ್ಫ್ ಹೊಡೆಯುವಾಗ ಸ್ಕ್ಯಾನರಿನಲ್ಲಿ ಆರ್‌ಪಿಎಂ ಸೊನ್ನೆ ಇದ್ದರೆ ಕ್ರ್ಯಾಂಕ್ ಸೆನ್ಸರ್ ಕಡೆಗೆ ಬೆರಳು.

ಆರನೆಯದು: ಬೀಪ್ ನಂಬಬೇಡಿ, ಬಲ್ಬ್ ನಂಬಿ

ಎಲ್ಲ ಅಳತೆಯೂ ಸರಿಯಿದ್ದು ಕಾರು ಮಾತ್ರ ಸರಿಯಿಲ್ಲದಾಗ ಜನ ಇಸಿಯು ಕಡೆ ಕೈ ತೋರಿಸುತ್ತಾರೆ. ಅದಕ್ಕೆ ಮುಂಚೆ ಈ ಪರೀಕ್ಷೆ.

ವೈರು ತುಂಡಾಗಿಲ್ಲದಿದ್ದರೆ ಸದ್ದು ಮಾಡುವ ಮೀಟರಿನ ಬೀಪ್ ಮೋಡ್ ವೈರಿನೊಳಗೆ ಕಳಿಸುವುದು ಮಿಲಿಆಂಪಿನ ಲೆಕ್ಕದ ಕರೆಂಟ್. ಇಂಜೆಕ್ಟರ್ ಬೇಡುವುದು ಸುಮಾರು ಒಂದು ಆಂಪಿಯರ್. ಹತ್ತಾರು ಎಳೆಗಳ ವೈರಿನಲ್ಲಿ ಒಂದೇ ಎಳೆ ಉಳಿದಿದ್ದರೂ ಬೀಪ್ ಕೇಳುತ್ತದೆ. ಕಾಲುದಾರಿಯಲ್ಲಿ ಒಬ್ಬ ನಡೆದುಹೋದ ಎಂದು ಅಲ್ಲಿ ಲಾರಿ ಹೋದೀತೆ?

ಕೀ ಆಫ್ ಮಾಡಿ ಇಂಜೆಕ್ಟರ್ ಕಪ್ಲರ್ ಬಿಚ್ಚಿ. ಅದರ ಪ್ಲಸ್ ಪಿನ್ನಿನಿಂದ 21 ವ್ಯಾಟ್ ಬಲ್ಬಿಗೆ ಒಂದು ವೈರು, ಬಲ್ಬಿನ ಇನ್ನೊಂದು ತುದಿ ಎಂಜಿನ್ನಿನ ಚೊಕ್ಕ ಲೋಹಕ್ಕೆ. ಕೀ ಆನ್. ಬಲ್ಬ್ ಪೂರ್ತಿ ಬೆಳಗಬೇಕು. ಉರಿಯುತ್ತಿರುವಾಗಲೇ ಮೀಟರಿನ ಕೆಂಪು ಮೊನೆಯನ್ನು ಬ್ಯಾಟರಿಯ ಪ್ಲಸ್ ಮೇಲೂ ಕಪ್ಪನ್ನು ಆ ಪಿನ್ನಿನ ಸೂಜಿಯ ಮೇಲೂ ಇಡಿ. ಈಗ ಕಾಣುವುದು ದಾರಿಯಲ್ಲಿ ಸೋರಿಹೋದ ವೋಲ್ಟೇಜ್. ಈ ಬಲ್ಬ್ ಎಳೆಯುವುದು 1.75 ಆಂಪಿಯರ್, ಇಂಜೆಕ್ಟರಿಗಿಂತ ಹೆಚ್ಚು; ಆದರೂ ಸೋರಿಕೆ ಅರ್ಧ ವೋಲ್ಟ್ ಒಳಗಿದ್ದರೆ ದಾರಿ ಚೆನ್ನಾಗಿದೆ. ಒಂದು, ಎರಡು ವೋಲ್ಟ್ ಬಂದರೆ ಕಪ್ಪು ಮೊನೆಯನ್ನು ಪಿನ್ನಿನಿಂದ ಬ್ಯಾಟರಿಯ ಕಡೆಗೆ ಹೆಜ್ಜೆಹೆಜ್ಜೆಯಾಗಿ ಸರಿಸುತ್ತ ಬನ್ನಿ: ಜಾಯಿಂಟ್, ರಿಲೇ ಕಾಲು, ಫ್ಯೂಸ್ ಕಾಲು. ಎಲ್ಲಿ ಅಳತೆ ತಟ್ಟನೆ ಇಳಿಯಿತೋ ಆ ಜಾಗಕ್ಕೂ ಅದಕ್ಕೆ ಮುಂಚೆ ಅಳೆದ ಜಾಗಕ್ಕೂ ನಡುವಿನ ತುಣುಕಿನಲ್ಲಿ ರೋಗ.

ಕಂಟ್ರೋಲ್ ವೈರಿಗೆ ಈ ಬಲ್ಬ್ ಪರೀಕ್ಷೆ ಮಾಡುವುದಾದರೆ ಮೊದಲು ಬ್ಯಾಟರಿಯ ಮೈನಸ್ ತೆಗೆದು ಇಸಿಯು ಕಪ್ಲರನ್ನು ಬಿಚ್ಚಲೇಬೇಕು. ಅದು ಜೋಡಿಸಿದ್ದಾಗ ಆ ವೈರಿಗೆ ನೇರ ಪ್ಲಸ್ ಕೊಟ್ಟು, ಅದೇ ಹೊತ್ತಿಗೆ ಇಸಿಯು ಅರ್ತ್ ಕೊಟ್ಟರೆ ಟ್ರಾನ್ಸಿಸ್ಟರ್ ಭಸ್ಮ. ಧೈರ್ಯ ಸಾಲದಿದ್ದರೆ ಇಲ್ಲಿಂದ ಒಳ್ಳೆಯ ಆಟೋ ಎಲೆಕ್ಟ್ರಿಷಿಯನ್‌ಗೆ ಕೊಡಿ, ಇದುವರೆಗಿನ ಅಳತೆಗಳನ್ನು ಚೀಟಿಯಲ್ಲಿ ಬರೆದು ಕೊಡಿ. ವೋಲ್ಟೇಜಿನ ಏರಿಳಿತವನ್ನು ಗೆರೆಯಾಗಿ ತೋರಿಸುವ ಆಸಿಲೋಸ್ಕೋಪ್ ಇಟ್ಟುಕೊಂಡವರು ಸಿಕ್ಕರೆ ಇನ್ನೂ ಲೇಸು: ಇಂಜೆಕ್ಟರ್ ಮುಚ್ಚುವ ಕ್ಷಣದಲ್ಲಿ ಸುರುಳಿ ಒದೆಯುವ 60, 70 ವೋಲ್ಟಿನ ಮೊನೆ ಅದರಲ್ಲಿ ಕಾಣುತ್ತದೆ. ನಾಲ್ಕರಲ್ಲಿ ಒಂದರ ಮೊನೆ ಮೊಂಡಾಗಿದ್ದರೆ ಆ ಸುರುಳಿ ಶಾರ್ಟ್. ತೆರೆದಿರುವಾಗ ಗೆರೆ ಸೊನ್ನೆಯ ಹತ್ತಿರ ಇಳಿಯದೆ ಒಂದು ವೋಲ್ಟಿಗಿಂತ ಮೇಲೆ ನಿಂತಿದ್ದರೆ ಅರ್ತ್ ಕಡೆ ತಡೆ.

ಬಂದು ಹೋಗುವ ದೋಷ

ಮಾವನ ಕಾರಿನದು ಇದೇ. ನಿಂತಲ್ಲೇ ಅಳೆದರೆ ಪ್ರತಿಯೊಂದೂ ಸರಿ: ಹೊಸ ಇಂಜೆಕ್ಟರ್ 14.2 ಓಮ್, ತೆಗೆದಿಟ್ಟ ಹಳೆಯದೂ ಹತ್ತಿರಹತ್ತಿರ ಅಷ್ಟೇ, ಕಂಟ್ರೋಲ್ ವೈರಿನಲ್ಲಿ 12. ಮೂರನೇ ಕಪ್ಲರಿಗೆ ಎಲ್‌ಇಡಿ ಸಿಕ್ಕಿಸಿ ಎಂಜಿನ್ನನ್ನು ಮೂರು ಸಿಲಿಂಡರಿನಲ್ಲೇ ಓಡಿಸಿದೆ. ಚೆನ್ನಾಗಿಯೇ ಮಿಣುಕುತ್ತಿತ್ತು. ಆಮೇಲೆ ಹಾರ್ನೆಸ್ಸನ್ನು ಗೇಣು ಗೇಣಾಗಿ ಹಿಡಿದು ಅಲುಗಿಸುತ್ತ ಹೋದೆ. ಬ್ಯಾಟರಿಯ ಹಿಂದೆ, ಕಪ್ಪು ಟೇಪಿನ ಒಂದು ಗಂಟು ಮುಟ್ಟಿದೊಡನೆ ಮಿಣುಕು ನಿಂತಿತು. ಟೇಪ್ ಬಿಡಿಸಿದರೆ ಮೊದಲಿನ ಮಾಲೀಕರು ಹಾಕಿಸಿ ತೆಗೆಸಿದ ಎಲ್‌ಪಿಜಿ ಕಿಟ್ಟಿನ ಪಳೆಯುಳಿಕೆ: ನಾಲ್ಕು ವೈರು ತಿರುಚಿ ಜೋಡಿಸಿದ್ದು, ಮೂರನೆಯದರಲ್ಲಿ ತಾಮ್ರಕ್ಕಿಂತ ಹಸಿರೇ ಹೆಚ್ಚು. ಗ್ಯಾರೇಜಿನಲ್ಲಿ ಪ್ರತಿ ಸಲ ಪ್ಲಗ್ಗೋ ಕಾಯಿಲ್ಲೋ ಬದಲಿಸುವಾಗ ಹಾರ್ನೆಸ್ ಅಲುಗಿ ಜಾಯಿಂಟ್ ಎರಡು ದಿನಕ್ಕೆ ಕೂಡಿಕೊಳ್ಳುತ್ತಿತ್ತು.

ಅಲುಗಿಸಿ ಸಿಗದಿದ್ದರೆ ಬಿಸಿ ಮತ್ತು ನೀರು. ಹೇರ್ ಡ್ರೈಯರ್‌ನಿಂದ ಕಪ್ಲರ್ ಬಳಿ ಬಿಸಿಗಾಳಿ ಬಿಡಿ. ಗಿಡಕ್ಕೆ ಹೊಡೆಯುವ ಸ್ಪ್ರೇಯಿಂದ ತೆಳ್ಳಗೆ ನೀರಿನ ಹನಿ ಸಿಂಪಡಿಸಿ. ಇಸಿಯು ಮತ್ತು ಫ್ಯೂಸ್ ಪೆಟ್ಟಿಗೆಯ ಮೇಲೆ ಬೇಡ.

ರಿಪೇರಿ

ಕಿಲುಬು ಹಿಡಿದ ವೈರನ್ನು ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿ. ಕೆಲವೊಮ್ಮೆ ಸಿಪ್ಪೆಯೊಳಗೆ ಎರಡು ಮೂರು ಇಂಚು ಕಪ್ಪಾಗಿರುತ್ತದೆ. ಅದೇ ದಪ್ಪದ, ಬಿಸಿ ತಡೆಯುವ ಆಟೋಮೊಬೈಲ್ ವೈರು ಸೇರಿಸಿ. ಮನೆ ವೈರಿಂಗಿನ ತುಂಡು ಬೇಡ. ಜಾಯಿಂಟನ್ನು ಒಳ್ಳೆಯ ಕ್ರಿಂಪ್ ಸ್ಲೀವಿನಿಂದ ಬಿಗಿದು, ಒಳಗೆ ಅಂಟಿರುವ ಹೀಟ್ ಶ್ರಿಂಕ್ ಕೊಳವೆ ಹಾಕಿ. ಬೆಸುಗೆ ಹಾಕುವುದಾದರೆ ಅದರ ಎರಡೂ ಬದಿ ವೈರು ಬಾಗದಂತೆ ಹಾರ್ನೆಸ್ಸಿಗೆ ಕಟ್ಟಿ, ಇಲ್ಲದಿದ್ದರೆ ಬೆಸುಗೆ ಮುಗಿಯುವ ಅಂಚಿನಲ್ಲೇ ಎಳೆಗಳು ನಡುಕಕ್ಕೆ ಮುರಿಯುತ್ತವೆ. ಅಗಲವಾದ ಪಿನ್ನನ್ನು ಸೂಜಿಯಿಂದ ಒತ್ತಿ ಬಿಗಿ ಮಾಡುವುದು ಊರು ತಲುಪುವವರೆಗಿನ ಉಪಾಯ. ಮೂರು ನಾಲ್ಕು ಇಂಚು ವೈರು ಸಮೇತ ಹೊಸ ಕಪ್ಲರ್ ಸಿಗುತ್ತದೆ, ಅದನ್ನೇ ಹಾಕಿ. ಎಕ್ಸಾಸ್ಟ್ ಕೊಳವೆಯಿಂದ ದೂರ, ಲೋಹದ ಅಂಚಿಗೆ ಉಜ್ಜದಂತೆ ಹಾಯಿಸಿ ಕಟ್ಟಿ.

ಕೋಡ್ ಅಳಿಸಿ, ತಣ್ಣಗಿನಿಂದ ಪೂರ್ತಿ ಬಿಸಿಯಾಗುವವರೆಗೆ ಓಡಿಸಿ, ಮತ್ತೆ ಓದಿ. ಇಂಜೆಕ್ಟರ್ ತೆರೆದೇ ಉಳಿದಿದ್ದ ಕಾರಾದರೆ ಆಯಿಲ್ ಮತ್ತು ಫಿಲ್ಟರ್ ಬದಲಿಸದೆ ದೂರ ಹೋಗಬೇಡಿ, ಪೆಟ್ರೋಲ್ ಬೆರೆತ ಆಯಿಲ್ ಬೇರಿಂಗನ್ನು ತಿನ್ನುತ್ತದೆ.

ಮಾವನ ಕಾರಿನಿಂದ ಕಿತ್ತ ಆ ಹಳೆಯ ಇಂಜೆಕ್ಟರನ್ನು ನಾನೇ ಇಸಿದುಕೊಂಡೆ. ಈಗ ಅದು ನನ್ನ ಟೂಲ್ ಪೆಟ್ಟಿಗೆಯಲ್ಲಿದೆ. ಯಾರದಾದರೂ ಎಂಪಿಎಫ್‌ಐ ಕಾರಿನ ಕಪ್ಲರ್ ಅದಕ್ಕೆ ಹೊಂದಿದರೆ ಸಿಕ್ಕಿಸಿ, ಅಂಗೈಯಲ್ಲಿ ಹಿಡಿದು ಒಂದೆರಡು ಸೆಕೆಂಡ್ ಸೆಲ್ಫ್ ಹೊಡೆಸುತ್ತೇನೆ. ವೈರಿಂಗ್ ಸರಿಯಿದ್ದರೆ ಕೈಯಲ್ಲೇ ಟಿಕ್‌ಟಿಕ್ ಎನ್ನುತ್ತದೆ.